ಕೈಗಾದ ಕರೆಂಟು: ನಾಲ್ಕು ರಿಯಾಕ್ಟರುಗಳ ಸೇವೆ ಹೇಗಿದೆ?

ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಡದಲ್ಲಿ, 220 ಮೆಗಾವಾಟಿನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಒಟ್ಟು 880 ಮೆಗಾವಾಟ್. ಕೆಲಸ ಶುರುವಾದದ್ದು 1989ರಲ್ಲಿ. ವಾಣಿಜ್ಯ ಉತ್ಪಾದನೆಗೆ ಮೊದಲು ಬಂದದ್ದು ಎರಡನೇ ಘಟಕ, 2000ದ ಮಾರ್ಚ್ 16ರಂದು. ಒಂದನೇ ಘಟಕ ಅದೇ ವರ್ಷ ನವೆಂಬರ್ 16ಕ್ಕೆ, ಮೂರನೆಯದು 2007ರ ಮೇ 6ಕ್ಕೆ, ನಾಲ್ಕನೆಯದು 2011ರ ಜನವರಿ 20ಕ್ಕೆ ಸೇರಿಕೊಂಡವು. ಕಿರಿಯದು ಹಿರಿಯದಕ್ಕಿಂತ ಮುಂಚೆ ನಡೆದದ್ದೇಕೆ ಎಂಬುದಕ್ಕೆ ದೊಡ್ಡ ಕಾರಣವಿದೆ, ಅದನ್ನು ಮುಂದೆ ನೋಡೋಣ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಹಗಲೂ ರಾತ್ರಿಯೂ ಒಂದೇ ಸಮನೆ ಕರೆಂಟು ಕೊಡುವ ಕೆಲಸದಲ್ಲಿ ಕೈಗಾ ದೇಶದ ಅತ್ಯುತ್ತಮ ಸ್ಥಾವರಗಳ ಸಾಲಿನಲ್ಲಿದೆ. ಆದರೆ ಅದರ ಗುಣವನ್ನು ದಾಖಲೆಯ ದಿನಗಳಲ್ಲಿ ಅಳೆಯುವುದು ತಪ್ಪು. ಇಂಧನ ಬದಲಿಸುವ ಯಂತ್ರ, ಕೊಳವೆಗಳ ತಪಾಸಣೆ, ಭಾರಜಲದ (ಭಾರವಾದ ಹೈಡ್ರೋಜನ್ ಇರುವ ನೀರಿನ) ಲೆಕ್ಕ, ಇವನ್ನು ನೋಡಿ ಅಳೆಯಬೇಕು.

ಗ್ರಾಹಕನಿಗೆ ಸಿಗುವುದೇನು ಎಂಬಲ್ಲಿಂದ ಆರಂಭಿಸೋಣ. 220 ಮೆಗಾವಾಟ್ ಎಂಬುದು ಜನರೇಟರಿನ ತುದಿಯ ಲೆಕ್ಕ. ಪಂಪುಗಳಿಗೂ ಸ್ಥಾವರದ ಉಳಿದ ಬಳಕೆಗೂ ಕಳೆದ ಮೇಲೆ ತಂತಿಗೆ ಹೋಗುವುದು ಘಟಕಕ್ಕೆ ಸುಮಾರು 202 ಮೆಗಾವಾಟ್. ನಾಲ್ಕೂ ಪೂರ್ಣ ಶಕ್ತಿಯಲ್ಲಿದ್ದರೆ ದಿನಕ್ಕೆ ಸುಮಾರು 1.9 ಕೋಟಿ ಯೂನಿಟ್. ಅದೆಲ್ಲವೂ ಕರ್ನಾಟಕಕ್ಕೇ ಬರುವುದಿಲ್ಲ. ದಕ್ಷಿಣದ ಇತರ ರಾಜ್ಯಗಳಿಗೂ ಪಾಲಿದೆ. ದರವನ್ನು ನಿಗದಿ ಮಾಡುವುದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವಲ್ಲ. ಅದನ್ನು ಮಾಡುವುದು ಅಣುಶಕ್ತಿ ಇಲಾಖೆ. ಕಲ್ಲಿದ್ದಲು ಸ್ಥಾವರಗಳಂತೆ ಸ್ಥಿರ ವೆಚ್ಚ ಬೇರೆ, ಇಂಧನ ವೆಚ್ಚ ಬೇರೆ ಎಂಬ ಎರಡು ಭಾಗಗಳಿಲ್ಲ, ಯೂನಿಟ್ಟಿಗೆ ಒಂದೇ ದರ. ಹಾಗಾಗಿ ಘಟಕ ನಿಂತರೆ ನಷ್ಟ ನೇರವಾಗಿ ಸ್ಥಾವರಕ್ಕೆ. ನಿರಂತರ ಓಡಿಸಬೇಕೆಂಬ ಒತ್ತಡದ ಬೇರು ಇಲ್ಲಿದೆ.

ಸಂಜೆಯ ಬೇಡಿಕೆ ಏರಿದಾಗ ಏರಿ, ನಡುರಾತ್ರಿ ಇಳಿಯುವ ಕೆಲಸವನ್ನು ಕೈಗಾದಿಂದ ಯಾರೂ ನಿರೀಕ್ಷಿಸುವುದಿಲ್ಲ. ಅದಕ್ಕೆ ಇದೇ ಕಾಳಿಯ ಮೇಲಿನ ನಾಗಝರಿ ಜಲವಿದ್ಯುದಾಗಾರವಿದೆ, ನೀರು ಬಿಟ್ಟ ಕೆಲವೇ ನಿಮಿಷಗಳಲ್ಲಿ ಅದು ಮೇಲೆ ಬರುತ್ತದೆ. ಒಂದೇ ನದಿಯ ಮೇಲೆ ಸದಾ ಓಡುವುದೂ ಬೇಕೆಂದಾಗ ಓಡುವುದೂ ಎರಡೂ ಇರುವುದು ಕರ್ನಾಟಕದ ಗ್ರಿಡ್‌ಗೆ ಒದಗಿದ ದೊಡ್ಡ ಅನುಕೂಲ.

ಈಗ ಯಂತ್ರದ ಒಳಗೆ. ಕೈಗಾದ್ದು ಒತ್ತಡದ ಭಾರಜಲ ರಿಯಾಕ್ಟರ್. ಅಡ್ಡಲಾಗಿ ಮಲಗಿಸಿದ ಕ್ಯಾಲಾಂಡ್ರಿಯಾ ಎಂಬ ದೊಡ್ಡ ಉಕ್ಕಿನ ಪೀಪಾಯಿ. ಅದರ ಈ ತುದಿಯಿಂದ ಆ ತುದಿಗೆ 306 ಕೊಳವೆಗಳು. ಒಂದೊಂದು ಕೊಳವೆಯಲ್ಲೂ ಸಾಲಾಗಿ 12 ಇಂಧನದ ಕಂತೆಗಳು. ಒಟ್ಟು 3,672 ಕಂತೆ. ಕೆಲಸದವರು ಇದನ್ನು ಬಂಡಲ್ ಎಂದೇ ಕರೆಯುತ್ತಾರೆ. ಒಂದು ಬಂಡಲ್ ಅರ್ಧ ಮೀಟರ್ ಉದ್ದ, 19 ಕಡ್ಡಿಗಳು, ಒಳಗೆ ಸುಮಾರು 15 ಕಿಲೋ ಯುರೇನಿಯಂ ಡೈಆಕ್ಸೈಡ್. ಯುರೇನಿಯಂ ಗಣಿಯಿಂದ ಬಂದ ಹಾಗೆಯೇ, ಸಮೃದ್ಧಗೊಳಿಸದೆ ಬಳಕೆಯಾಗುತ್ತದೆ. ಸಹಜ ಯುರೇನಿಯಮ್ಮಿನಲ್ಲಿ ಸೀಳಬಲ್ಲ ಭಾಗ ಶೇ 0.7 ಮಾತ್ರ. ಅಷ್ಟರಲ್ಲೇ ಸರಪಳಿ ಕ್ರಿಯೆ ನಡೆಯಬೇಕಾದರೆ ನ್ಯೂಟ್ರಾನುಗಳನ್ನು ನುಂಗದೆ ನಿಧಾನಿಸುವ ಮಾಧ್ಯಮ ಬೇಕು. ಅದಕ್ಕೇ ಭಾರಜಲ. ಕ್ಯಾಲಾಂಡ್ರಿಯಾದಲ್ಲಿರುವ ಭಾರಜಲ ತಣ್ಣಗೆ, ಕಡಿಮೆ ಒತ್ತಡದಲ್ಲಿರುತ್ತದೆ. ಕೊಳವೆಗಳೊಳಗೆ ಬಂಡಲ್‌ಗಳ ಮೇಲೆ ಹರಿಯುವುದು ಬೇರೆಯದೇ ಭಾರಜಲ. ಅದು 249 ಡಿಗ್ರಿಯಲ್ಲಿ ಒಳಹೊಕ್ಕು 293 ಡಿಗ್ರಿಯಲ್ಲಿ ಹೊರಬಂದು, ನಾಲ್ಕು ಸ್ಟೀಮ್ ಜನರೇಟರುಗಳಲ್ಲಿ ಸಾಮಾನ್ಯ ನೀರನ್ನು ಸುಮಾರು 250 ಡಿಗ್ರಿಯ ಹಬೆ ಮಾಡುತ್ತದೆ. ಆ ಹಬೆ ಟರ್ಬೈನನ್ನು ನಿಮಿಷಕ್ಕೆ 3,000 ಸುತ್ತು ತಿರುಗಿಸುತ್ತದೆ. ರಿಯಾಕ್ಟರಿನ ಉಷ್ಣ ಶಕ್ತಿ ಸುಮಾರು 750 ಮೆಗಾವಾಟ್, ಕರೆಂಟಾಗುವುದು 220. ಉಳಿದದ್ದು ಬಿಸಿಯಾಗಿ ಹೊರಗೆ ಹೋಗಬೇಕು.

ಕೈಗಾದ ಅತ್ಯುತ್ತಮ ಭಾಗ ಯಾವುದು ಎಂದರೆ ಇಂಧನ ತುಂಬುವ ಯಂತ್ರ ಎಂದೇ ಹೇಳಬೇಕು. ಪಕ್ಕಾ ಕಸುಬುದಾರಿಕೆಯ ಕೆಲಸ ಅದು. ಕೂಡಂಕುಳಂ ಮಾದರಿಯ ರಿಯಾಕ್ಟರ್ ಇಂಧನ ಬದಲಿಸಲು ನಿಲ್ಲಲೇಬೇಕು, ಒತ್ತಡ ಇಳಿಸಿ ಮುಚ್ಚಳ ತೆಗೆಯಬೇಕು. ಕೈಗಾದಲ್ಲಿ ಪೂರ್ಣ ಶಕ್ತಿಯಲ್ಲಿ ಓಡುತ್ತಿರುವಾಗಲೇ ದಿನಕ್ಕೆ ಸರಾಸರಿ ಒಂದು ಕೊಳವೆಯ ಇಂಧನ ಬದಲಾಗುತ್ತದೆ. ಎರಡು ಯಂತ್ರಗಳು ಒಂದೇ ಕೊಳವೆಯ ಎರಡು ತುದಿಗೆ ಬಂದು ಕಚ್ಚಿಕೊಳ್ಳುತ್ತವೆ. ಒಳಗಿನ ಒತ್ತಡಕ್ಕೆ ಸಮನಾಗಿ ತಮ್ಮೊಳಗೂ ಭಾರಜಲದ ಒತ್ತಡ ತಂದುಕೊಳ್ಳುತ್ತವೆ. ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಸೀಲ್ ಪ್ಲಗ್ ಬಿಚ್ಚುತ್ತವೆ, ಆಮೇಲೆ ವಿಕಿರಣ ತಡೆಯುವ ಪ್ಲಗ್. ನಂತರ ನೀರು ಹರಿಯುವ ದಿಕ್ಕಿನಲ್ಲೇ ಒಂದು ಕಡೆಯಿಂದ ಎಂಟು ಹೊಸ ಬಂಡಲ್ ತಳ್ಳಿದರೆ, ಇನ್ನೊಂದು ಕಡೆ ಎಂಟು ಹಳೆಯವು ಯಂತ್ರದ ಮ್ಯಾಗಜಿನ್‌ಗೆ ಬಂದು ಸೇರುತ್ತವೆ. ಒಳಗೆ ಉಳಿಯುವ ನಾಲ್ಕು ಹಳೆಯ ಬಂಡಲ್‌ಗಳು ಮುಂದಕ್ಕೆ ಸರಿದು ಇನ್ನೊಂದು ಸರದಿ ಉರಿಯುತ್ತವೆ. ಅಕ್ಕಪಕ್ಕದ ಕೊಳವೆಗಳಲ್ಲಿ ನೀರು ಎದುರುಬದುರು ದಿಕ್ಕಿಗೆ ಹರಿಯುವುದರಿಂದ ಹೊಸ ಇಂಧನ ಒಂದೇ ತುದಿಯಲ್ಲಿ ಗುಡ್ಡೆಯಾಗುವುದಿಲ್ಲ, ಶಕ್ತಿ ಇಡೀ ರಿಯಾಕ್ಟರಿನಲ್ಲಿ ಸಮನಾಗಿ ಹಂಚಿಹೋಗುತ್ತದೆ.

ಒಂದು ಬಂಡಲ್ ಎಷ್ಟು ಕೆಲಸ ಮಾಡುತ್ತದೆ? ಟನ್ ಯುರೇನಿಯಮ್ಮಿಗೆ ಸರಾಸರಿ 6,700 ಮೆಗಾವಾಟ್-ದಿನದ ಉಷ್ಣ ಎಂದು ಹಿಡಿದರೆ, ಒಂದು ಬಂಡಲ್‌ನಿಂದ ಬರುವುದು ಸುಮಾರು 6 ಲಕ್ಷ ಯೂನಿಟ್ ಕರೆಂಟು. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗಳಾದರೆ 500 ಮನೆಗಳಿಗೆ ಒಂದು ವರ್ಷ. ಎರಡು ಕೈಯಲ್ಲಿ ಎತ್ತಿಕೊಳ್ಳಬಹುದಾದ ವಸ್ತು. ಹೊಸದಾಗಿದ್ದಾಗ ಮಾತ್ರ ಎತ್ತಿಕೊಳ್ಳಬಹುದು. ಉರಿದು ಹೊರಬಂದದ್ದರ ಹತ್ತಿರ ಯಾರೂ ಹೋಗುವಂತಿಲ್ಲ. ಅದು ನೇರ ನೀರಿನ ಕೊಳಕ್ಕೆ ಇಳಿದು ಅಲ್ಲೇ ವರ್ಷಗಟ್ಟಲೆ ತಣಿಯುತ್ತದೆ.

ತೊಂದರೆ ಎಲ್ಲಿ ಬರುತ್ತದೆ ಎಂಬುದೂ ಈ ಯಂತ್ರದಲ್ಲೇ ಕಾಣುತ್ತದೆ. ಪ್ಲಗ್ ಸರಿಯಾಗಿ ಕೂರದಿದ್ದರೆ ಭಾರಜಲ ಸೋರುತ್ತದೆ. ಯಂತ್ರ ಕೆಟ್ಟು ಕೆಲ ದಿನ ಇಂಧನ ಬದಲಿಸಲಾಗದಿದ್ದರೆ ರಿಯಾಕ್ಟರ್ ನಿಧಾನವಾಗಿ ಬಲ ಕಳೆದುಕೊಳ್ಳುತ್ತದೆ, ಏಕೆಂದರೆ ಸಹಜ ಯುರೇನಿಯಮ್ಮಿನಲ್ಲಿ ಕೂಡಿಟ್ಟ ಗಂಟು ಬಹಳ ಇರುವುದಿಲ್ಲ. ಬಂಡಲ್‌ನ ಕಡ್ಡಿಯೊಂದರಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ನೀರಿನಲ್ಲಿ ಅಯೋಡಿನ್-131 ಏರುತ್ತದೆ. ಯಾವ ಕೊಳವೆ ಎಂಬುದನ್ನು ತಡವಾಗಿ ಹೊರಬರುವ ನ್ಯೂಟ್ರಾನುಗಳ ಎಣಿಕೆಯಿಂದ ಹಿಡಿದು, ಓಡುತ್ತಿರುವಾಗಲೇ ಆ ಬಂಡಲನ್ನು ತೆಗೆದುಬಿಡಬಹುದು. ಈ ಸೌಕರ್ಯ ನಿಂತೇ ಇಂಧನ ಬದಲಿಸಬೇಕಾದ ರಿಯಾಕ್ಟರುಗಳಿಗೆ ಇಲ್ಲ.

ಕೈಗಾದ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಬಂದದ್ದು ಒಂದನೇ ಘಟಕದಿಂದ. 2016ರ ಮೇ 13ರಂದು ಆರಂಭವಾದ ಓಟ 2018ರ ಡಿಸೆಂಬರ್ 31ರಂದು ನಿಂತಿತು: 962 ದಿನ, ಸುಮಾರು 500 ಕೋಟಿ ಯೂನಿಟ್, ಶೇ 99ಕ್ಕೂ ಮೀರಿದ ಸಾಮರ್ಥ್ಯ ಬಳಕೆ. ಬ್ರಿಟನ್ನಿನ ಹೇಶಮ್-2 ಸ್ಥಾವರದ 940 ದಿನಗಳ ದಾಖಲೆಯನ್ನು ಅದು ಆ ಡಿಸೆಂಬರಿನಲ್ಲೇ ದಾಟಿತ್ತು. ಕೆನಡಾದ ಡಾರ್ಲಿಂಗ್ಟನ್ ಒಂದನೇ ಘಟಕ 2020ರ ಸೆಪ್ಟೆಂಬರಿನಲ್ಲಿ ಕೈಗಾವನ್ನು ಹಿಂದಿಕ್ಕಿ, 1,106 ದಿನ ಓಡಿ ನಿಂತಿತು. ಡಾರ್ಲಿಂಗ್ಟನ್ ಕೂಡ ಭಾರಜಲದ್ದೇ, ಓಡುತ್ತಲೇ ಇಂಧನ ತುಂಬುವಂಥದ್ದೇ. ಹಾಗಾಗಿ ಈ ಅಂಕಿಯನ್ನು ಹಿಡಿದು ಕೂಡಂಕುಳವನ್ನೋ ತಾರಾಪುರದ ಹಳೆಯ ಎರಡು ಘಟಕಗಳನ್ನೋ ಹೀಗಳೆಯುವುದು ನ್ಯಾಯವಲ್ಲ. 962 ದಿನ ನಿಜವಾಗಿ ತೋರಿಸುವುದು ಬೇರೆ: ಪಂಪಿನ ಸೀಲು, ಕವಾಟ, ರಿಲೇ, ಕಂಡೆನ್ಸರಿನ ಕೊಳವೆ, ಯಾವುದೂ ಅಷ್ಟು ದಿನ ಘಟಕವನ್ನು ನಿಲ್ಲಿಸಲಿಲ್ಲ. ಅಷ್ಟು ದಿನವೂ ಪರೀಕ್ಷೆಗಳು ನಡೆದೇ ಇದ್ದವು. ರಕ್ಷಣಾ ವ್ಯವಸ್ಥೆಯ ಪ್ರತಿ ಸಂಕೇತಕ್ಕೂ ಮೂರು ದಾರಿ. ಮೂರರಲ್ಲಿ ಎರಡು ಹೇಳಿದರೆ ಮಾತ್ರ ರಿಯಾಕ್ಟರ್ ನಿಲ್ಲುತ್ತದೆ. ಆದ್ದರಿಂದ ಒಂದು ದಾರಿಯನ್ನು ಪರೀಕ್ಷೆಗೆ ಒಡ್ಡಿದರೂ ಓಟ ನಿಲ್ಲದು.

ಓಟ ತಪ್ಪಿದರೆ ಏನಾಗುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಸಂಗತಿ. ಯಾವುದೋ ಸಣ್ಣ ಕಾರಣಕ್ಕೆ ಘಟಕ ಟ್ರಿಪ್ ಆಯಿತು, ಅಂದರೆ ತಟ್ಟನೆ ನಿಂತಿತು ಎನ್ನಿ. ಕಾರಣ ಹುಡುಕಿ ಸರಿಪಡಿಸಿ ಮತ್ತೆ ಶುರು ಮಾಡಲು ಸಿಗುವುದು ಹೆಚ್ಚೆಂದರೆ ಅರ್ಧ ಗಂಟೆ. ಅದು ಮೀರಿದರೆ ಅಯೋಡಿನ್-135 ಕ್ಷಯಿಸಿ ಕ್ಸೆನಾನ್-135 ತುಂಬಿಕೊಳ್ಳುತ್ತದೆ. ಅದು ನ್ಯೂಟ್ರಾನುಗಳನ್ನು ನುಂಗುವ ಬಕಾಸುರ. ಹೊಂದಾಣಿಕೆಯ ಕಡ್ಡಿಗಳನ್ನೆಲ್ಲ ಹೊರಗೆಳೆದರೂ ರಿಯಾಕ್ಟರ್ ಏಳುವುದಿಲ್ಲ. ಕ್ಸೆನಾನ್ ತಾನಾಗಿ ಕರಗಲು ಸುಮಾರು ಒಂದೂವರೆ ದಿನ ಕಾಯಬೇಕು. ಹತ್ತು ನಿಮಿಷದ ದೋಷ, ಒಂದೂವರೆ ದಿನದ ನಷ್ಟ. ಗ್ರಿಡ್‌ನಲ್ಲಿ ಏರುಪೇರಾದಾಗ ಘಟಕವನ್ನು ಪೂರ್ತಿ ನಿಲ್ಲಿಸದೆ, ತನ್ನ ಮನೆಯ ಬಳಕೆಗಷ್ಟೇ ಓಡುವ ಸ್ಥಿತಿಗೆ ತಂದು ಹಿಡಿದಿಡಲು ಕಂಟ್ರೋಲ್ ರೂಮಿನವರು ಅಷ್ಟು ಹೆಣಗುವುದು ಇದಕ್ಕೇ.

ನಿಲ್ಲಿಸುವ ವ್ಯವಸ್ಥೆ ಒಂದಲ್ಲ, ಎರಡು. ಮೇಲಿನಿಂದ ಬೀಳುವ 14 ಕ್ಯಾಡ್ಮಿಯಂ ಕಡ್ಡಿಗಳು ಮೊದಲನೆಯದು. ನ್ಯೂಟ್ರಾನುಗಳನ್ನು ನುಂಗುವ ಲಿಥಿಯಂ ಪೆಂಟಾಬೋರೇಟ್ ದ್ರಾವಣವನ್ನು ರಿಯಾಕ್ಟರಿನೊಳಗಿನ ಬೇರೆ ಕೊಳವೆಗಳಿಗೆ ಏರಿಸುವುದು ಎರಡನೆಯದು. ಎರಡೂ ಒಂದನ್ನೊಂದು ನೆಚ್ಚಿಕೊಂಡಿಲ್ಲ. ನಿಲ್ಲಿಸುವುದು ಸುಲಭದ ಭಾಗ, ನಿಂತ ಮೇಲೆ ತಣಿಸುವುದು ಕಷ್ಟದ ಭಾಗ. ಸರಪಳಿ ಕ್ರಿಯೆ ನಿಂತ ಕ್ಷಣದಲ್ಲೂ ಶೇ 6ರಷ್ಟು ಉಷ್ಣ ಉಳಿದಿರುತ್ತದೆ, ಅಂದರೆ 45 ಮೆಗಾವಾಟಿನ ಆಸುಪಾಸು; ಒಂದು ದಿನ ಕಳೆದರೂ ಸುಮಾರು 4 ಮೆಗಾವಾಟ್. ಇದಕ್ಕಾಗಿಯೇ ಬ್ಯಾಟರಿ, ಯುಪಿಎಸ್, ಡೀಸೆಲ್ ಜನರೇಟರ್, ಗ್ರಿಡ್ ಎಂದು ನಾಲ್ಕು ದರ್ಜೆಯ ವಿದ್ಯುತ್ ಪೂರೈಕೆ. 2011ರ ಫುಕುಶಿಮಾದ ನಂತರ ನಮ್ಮ ಸ್ಥಾವರಗಳಲ್ಲಿ ಹೊರಗಿನಿಂದ ಅಗ್ನಿಶಾಮಕ ಪಂಪು ಜೋಡಿಸಿ ಸ್ಟೀಮ್ ಜನರೇಟರಿಗೆ ನೀರು ಕೊಡುವ ಜೋಡಣೆಗಳನ್ನು ಸೇರಿಸಿ ಗಟ್ಟಿ ಮಾಡಿದರು. ಕರೆಂಟು ಪೂರ್ತಿ ಹೋದರೂ ಬಿಸಿ ನೀರು ಮೇಲೇರುವ, ತಣ್ಣೀರು ಕೆಳಗಿಳಿಯುವ ಸಹಜ ಹರಿವಿನಿಂದಲೇ ರಿಯಾಕ್ಟರ್ ತಣಿಯಬೇಕೆಂಬುದು ಈ ವಿನ್ಯಾಸದ ಅಡಿಪಾಯ. ಸ್ಟೀಮ್ ಜನರೇಟರುಗಳು ರಿಯಾಕ್ಟರಿಗಿಂತ ಎತ್ತರದಲ್ಲಿರುವುದು ಆ ಕಾರಣಕ್ಕೆ.

ಕೊಳವೆಗಳ ವಿಷಯದಲ್ಲಿ ಕೈಗಾ ಅದೃಷ್ಟವಂತ. ಮದ್ರಾಸ್, ನರೋರಾ ಮುಂತಾದ ಹಳೆಯ ಘಟಕಗಳಲ್ಲಿ ಜಿರ್ಕಲಾಯ್-2 ಎಂಬ ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳು ಹೈಡ್ರೋಜನ್ ಹೀರಿ ಪೆಡಸಾಗಿ, ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಾಯಿತು. ಕೈಗಾದಲ್ಲಿ ಮೊದಲಿನಿಂದಲೂ ಶೇ 2.5 ನಿಯೋಬಿಯಂ ಬೆರೆಸಿದ ಜಿರ್ಕೋನಿಯಂ. ಹಾಗೆಂದು ಇವು ಚಿರಂಜೀವಿಗಳಲ್ಲ. ಬಿಸಿಯಲ್ಲಿ, ವಿಕಿರಣದಲ್ಲಿ ಉದ್ದವಾಗುತ್ತವೆ, ನಡುವೆ ಜೋಲುತ್ತವೆ. ಇಂಧನದ ಈ ಕೊಳವೆ ತನ್ನನ್ನು ಸುತ್ತುವರಿದ ಹೊರಕೊಳವೆಗೆ ತಾಗದಂತೆ ತಡೆಯುವ ಸ್ಪ್ರಿಂಗುಗಳು ಜಾಗ ಬಿಟ್ಟು ಸರಿದರೆ ತೊಂದರೆ. ಎರಡರ ನಡುವಿನ ಸಂದಿನಲ್ಲಿ ಇಂಗಾಲದ ಡೈಆಕ್ಸೈಡ್ ಹರಿಸಿ ಅದರ ತೇವವನ್ನು ಅಳೆಯುತ್ತಾರೆ. ತೇವ ಏರಿತೆಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. 2016ರ ಮಾರ್ಚ್ 11ರಂದು ಗುಜರಾತಿನ ಕಾಕ್ರಪಾರದ ಒಂದನೇ ಘಟಕದಲ್ಲಿ ಇಂಥ ಕೊಳವೆಯೇ ಸೋರಿ, ಘಟಕ ವರ್ಷಗಟ್ಟಲೆ ನಿಂತಿತು. ಎರಡು ವರ್ಷಕ್ಕೊಮ್ಮೆಯ ನಿಲುಗಡೆಯಲ್ಲಿ ಕೊಳವೆ ತಪಾಸಣೆಗೆ ಎಷ್ಟು ದಿನ ಕೊಟ್ಟರೂ ಹೆಚ್ಚಲ್ಲ.

ಇನ್ನು ಗುಮ್ಮಟ. 1994ರ ಮೇ 13ರಂದು, ನಿರ್ಮಾಣ ನಡೆಯುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕೆಳಪದರ ಕಳಚಿ ಬಿತ್ತು. ಸುಮಾರು 130 ಟನ್ ಕಾಂಕ್ರೀಟು. ಕಾರ್ಮಿಕರು ಗಾಯಗೊಂಡರು. ಇಂಧನ ಇನ್ನೂ ಬಂದಿರಲಿಲ್ಲ, ಹಾಗಾಗಿ ವಿಕಿರಣದ ಮಾತಿರಲಿಲ್ಲ. ಆದರೆ ಅಪಘಾತ ಆದಾಗ ವಿಕಿರಣವನ್ನು ಒಳಗೇ ಹಿಡಿದಿಡಬೇಕಾದ ಕಟ್ಟಡವೇ ಕಟ್ಟುವಾಗ ಕುಸಿದದ್ದು ಸಣ್ಣ ಸಂಗತಿಯಲ್ಲ. ಕಾರಣ ಹೀಗಿದೆ: ಗುಮ್ಮಟದ ಒಳಗೆ ಬಾಗಿಸಿ ಹಾಸಿದ ಉಕ್ಕಿನ ಕೇಬಲ್‌ಗಳನ್ನು ಬಿಗಿದಾಗ, ಆ ಬಾಗಿನಿಂದಾಗಿ ಕಾಂಕ್ರೀಟಿನ ದಪ್ಪದ ಅಡ್ಡಕ್ಕೆ ಎಳೆತ ಹುಟ್ಟುತ್ತದೆ. ಆ ದಿಕ್ಕಿನಲ್ಲಿ ಹಿಡಿದಿಡುವ ಸರಳುಗಳು ಸಾಲದಿದ್ದರೆ, ಕೇಬಲ್‌ಗಳು ಒತ್ತೊತ್ತಾಗಿದ್ದರೆ, ಈರುಳ್ಳಿಯ ಸಿಪ್ಪೆಯಂತೆ ಪದರ ಬೇರ್ಪಡುತ್ತದೆ. ಸ್ಟೀಮ್ ಜನರೇಟರುಗಳಿಗಾಗಿ ಗುಮ್ಮಟದಲ್ಲಿ ಬಿಟ್ಟ ದೊಡ್ಡ ಕಿಂಡಿಗಳ ಸುತ್ತ ಕೇಬಲ್‌ಗಳು ಇನ್ನಷ್ಟು ಗಿಡಿದುಕೊಳ್ಳುತ್ತವೆ. ವಿನ್ಯಾಸವನ್ನು ಹೊಸದಾಗಿ ಲೆಕ್ಕ ಹಾಕಿ, ಸಿಲಿಕಾ ಫ್ಯೂಮ್ ಬೆರೆಸಿದ ಎಂ60 ದರ್ಜೆಯ ಕಾಂಕ್ರೀಟಿನಲ್ಲಿ ಗುಮ್ಮಟವನ್ನು ಮತ್ತೆ ಕಟ್ಟಿದರು. ಅದೇ ವಿನ್ಯಾಸದ ರಾಜಸ್ಥಾನದ ಮೂರು, ನಾಲ್ಕನೇ ಘಟಕಗಳೂ ಇದರಿಂದ ತಡವಾದವು. ಎರಡನೇ ಘಟಕ ಒಂದನೆಯದನ್ನು ಹಿಂದೆ ಹಾಕಿದ್ದು ಹೀಗೆ. ಮುಂದೆ 962 ದಿನದ ಓಟ ಆರಂಭವಾದದ್ದೂ ಅದೇ ಘಟಕದಲ್ಲಿ, ಅದೇ ಮೇ 13ರಂದು, ಇಪ್ಪತ್ತೆರಡು ವರ್ಷಗಳ ಅನಂತರ.

2009ರ ನವೆಂಬರಿನ ಟ್ರಿಟಿಯಂ ಪ್ರಕರಣ ಯಂತ್ರದ ದೋಷವಲ್ಲ, ಆಡಳಿತದ ದೋಷ. ಟ್ರಿಟಿಯಂ ಎಂದರೆ ಭಾರಜಲದಲ್ಲಿ ಹುಟ್ಟುವ, ವಿಕಿರಣ ಸೂಸುವ ಹೈಡ್ರೋಜನ್. ಒಂದನೇ ಘಟಕ ನಿರ್ವಹಣೆಗಾಗಿ ನಿಂತಿದ್ದಾಗ, ಒಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲವನ್ನು ಬೇಕೆಂದೇ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹಕ್ಕೆ ಅದು ಸೇರಿತು. ಗೊತ್ತಾದದ್ದು ನಿಯಮಿತ ಮೂತ್ರ ಪರೀಕ್ಷೆಯಿಂದ. ಟ್ರಿಟಿಯಂ ಹೊರಸೂಸುವ ಬೀಟಾ ಕಣ ಎಷ್ಟು ದುರ್ಬಲವೆಂದರೆ ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಅದನ್ನು ಹಿಡಿಯಲಾರದು. ದೇಹದ ನೀರಿನಲ್ಲಿ ನೀರಾಗಿ ಬೆರೆಯುವುದರಿಂದ ಹತ್ತು ದಿನಗಳಲ್ಲಿ ಅರ್ಧದಷ್ಟು ತಾನಾಗಿ ಹೊರಹೋಗುತ್ತದೆ, ಹೆಚ್ಚು ನೀರು ಕುಡಿಸಿದರೆ ಇನ್ನೂ ಬೇಗ. ಅಂದಿನ ಚಿಕಿತ್ಸೆಯೂ ಅದೇ. ಕಾರ್ಮಿಕರ ದೇಹಕ್ಕೆ ತಗಲುವ ವಿಕಿರಣದ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ಸುತ್ತಲಿನ ಜನರಿಗೆ ವರ್ಷಕ್ಕೆ 1. ಪರೀಕ್ಷೆ ತನ್ನ ಕೆಲಸ ಮಾಡಿತು, ನಿಜ. ಆದರೆ ಮಾದರಿಗೆಂದು ತೆಗೆದ ಭಾರಜಲ ಲೆಕ್ಕಕ್ಕೆ ಸಿಗದೆ ಕುಡಿಯುವ ನೀರಿನವರೆಗೆ ಹೋಗಲು ಸಾಧ್ಯವಾದದ್ದು ಸೇವೆಯ ಅತಿ ಕೆಟ್ಟ ಗುರುತು. ಭಾರಜಲ ದುಬಾರಿ, ಹನಿಹನಿಗೂ ಲೆಕ್ಕವಿದೆ, ಗಾಳಿಯಲ್ಲಿ ಸೇರಿದ ಆವಿಯನ್ನೂ ಡ್ರೈಯರುಗಳಲ್ಲಿ ಹಿಡಿದು ಮರಳಿ ಪಡೆಯುತ್ತಾರೆ. ಹಣದ ದೃಷ್ಟಿಯ ಆ ಎಚ್ಚರ ಮನುಷ್ಯರ ವಿಷಯದಲ್ಲೂ ಅಷ್ಟೇ ಬಿಗಿಯಾಗಿರಬೇಕಿತ್ತು.

ಇಂಧನ ಪೂರೈಕೆಯಲ್ಲಿ ಕೈಗಾಕ್ಕೆ ಅದರದ್ದೇ ಆದ ಇಕ್ಕಟ್ಟಿದೆ. 2008ರ ನಾಗರಿಕ ಅಣು ಒಪ್ಪಂದದ ನಂತರ ವಿದೇಶಿ ಯುರೇನಿಯಂ ಬಂದದ್ದು ಅಂತಾರಾಷ್ಟ್ರೀಯ ತಪಾಸಣೆಗೆ ಒಳಪಟ್ಟ ಘಟಕಗಳಿಗೆ ಮಾತ್ರ. ಕೈಗಾ ಆ ಪಟ್ಟಿಯಲ್ಲಿಲ್ಲ. ಜಾರ್ಖಂಡಿನ ಜಾದೂಗುಡ ಸುತ್ತಿನ ಗಣಿಗಳು, ಆಂಧ್ರದ ತುಮ್ಮಲಪಲ್ಲಿ, ಇಲ್ಲಿಯ ಅದಿರಿನಿಂದ ಹೈದರಾಬಾದಿನಲ್ಲಿ ತಯಾರಾದ ಬಂಡಲ್‌ಗಳೇ ಇದಕ್ಕೆ ಗತಿ. 2008ರ ಸುಮಾರಿಗೆ ಯುರೇನಿಯಂ ಕೊರತೆಯಿಂದ ದೇಶದ ಭಾರಜಲ ಘಟಕಗಳು ಅರ್ಧದ ಆಸುಪಾಸಿನ ಸಾಮರ್ಥ್ಯದಲ್ಲಿ ತೆವಳಿದವು. ನಾಲ್ಕನೇ ಘಟಕ ಇಂಧನಕ್ಕಾಗಿ ಕಾದು, 2010ರ ನವೆಂಬರ್ 27ರಂದಷ್ಟೇ ಸರಪಳಿ ಕ್ರಿಯೆ ಆರಂಭಿಸಿತು. ಆ ಕಾಲದ ಕಡಿಮೆ ಉತ್ಪಾದನೆಯ ಅಂಕಿ ನೋಡಿ ಯಂತ್ರ ಚೆನ್ನಾಗಿಲ್ಲ ಎನ್ನುವವರು ಇದನ್ನು ಮರೆಯಬಾರದು.

ಕಂಡೆನ್ಸರಿಗೆ ನೀರು ಕದ್ರಾ ಜಲಾಶಯದ್ದು. ಘಟಕಕ್ಕೆ 500 ಮೆಗಾವಾಟಿಗೂ ಮೀರಿದ ಬಿಸಿಯನ್ನು ಈ ನೀರು ಹೊತ್ತೊಯ್ಯುತ್ತದೆ. ಬೇಸಿಗೆಯಲ್ಲಿ ನೀರು ಬೆಚ್ಚಗಾದಷ್ಟೂ ಕಂಡೆನ್ಸರಿನ ನಿರ್ವಾತ ಕುಗ್ಗಿ ಉತ್ಪಾದನೆ ತುಸು ಇಳಿಯುತ್ತದೆ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳ ನೀರಿನ ನಿರ್ವಹಣೆ ರಾಜ್ಯದ ವಿದ್ಯುತ್ ನಿಗಮದ ಕೈಯಲ್ಲಿ, ರಿಯಾಕ್ಟರ್ ಕೇಂದ್ರದ ನಿಗಮದ ಕೈಯಲ್ಲಿ. ಮಳೆಗಾಲದಲ್ಲಿ ಈ ಎರಡು ಕೈಗಳ ನಡುವಿನ ಮಾತುಕತೆ ಎಷ್ಟು ಚುರುಕಾಗಿದೆ ಎಂಬುದರ ಮೇಲೆ ಕೆಳಗಿನ ಊರುಗಳ ನಿದ್ರೆ ನಿಂತಿದೆ.

ಜನರೊಂದಿಗಿನ ವ್ಯವಹಾರದಲ್ಲಿ ಸ್ಥಾವರಕ್ಕೆ ಹೆಚ್ಚು ಅಂಕ ಕೊಡಲಾಗದು. ಪಶ್ಚಿಮ ಘಟ್ಟದ ದಟ್ಟ ಕಾಡಿನ ನಡುವೆ ಈ ಜಾಗ ಆರಿಸಿದ್ದನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತಿದ್ದರು. ಅಂದು ಎತ್ತಿದ ಕಾಡು, ನೀರು, ತ್ಯಾಜ್ಯದ ಪ್ರಶ್ನೆಗಳಿಗೆ ವಯಸ್ಸಾಗಿಲ್ಲ. ಸುತ್ತಲಿನ ನೀರು, ಮೀನು, ಅಕ್ಕಿ, ಹಾಲಿನ ಮಾದರಿಗಳನ್ನು ಪರಿಸರ ಪ್ರಯೋಗಾಲಯ ನಿರಂತರ ಪರೀಕ್ಷಿಸುತ್ತದೆ. ಆ ಫಲಿತಾಂಶ ತಿಂಗಳು ತಿಂಗಳೂ ಸರಳ ಕನ್ನಡದಲ್ಲಿ ಪಂಚಾಯಿತಿಯ ಬೋರ್ಡಿಗೆ ಬಂದರೆ ವದಂತಿಗೆ ಅರ್ಧ ಜಾಗ ಕಡಿಮೆಯಾದೀತು.

ಐದು, ಆರನೇ ಘಟಕಗಳು ಬೇರೆಯೇ ಅಳತೆಯವು. 2017ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಹತ್ತು ರಿಯಾಕ್ಟರುಗಳಲ್ಲಿ ಇವೆರಡೂ ಸೇರಿವೆ. ತಲಾ 700 ಮೆಗಾವಾಟ್, 392 ಕೊಳವೆ, 37 ಕಡ್ಡಿಗಳ ಬಂಡಲ್, ಒಳಗೋಡೆಗೆ ಉಕ್ಕಿನ ಹೊದಿಕೆ, ಕರೆಂಟಿಲ್ಲದೆ ತಣಿಸುವ ವ್ಯವಸ್ಥೆ. ಇದೇ ಮಾದರಿ ಕಾಕ್ರಪಾರದಲ್ಲಿ 2023ರಿಂದ ವಾಣಿಜ್ಯವಾಗಿ ಓಡುತ್ತಿದೆ. ಅವು ಬಂದರೆ ಕೈಗಾ 2,280 ಮೆಗಾವಾಟಿನ ಸ್ಥಾವರವಾಗುತ್ತದೆ, ಕಾಳಿಯ ಮೇಲಿನ ಹೊರೆಯೂ ಏರುತ್ತದೆ.

ಈ ಸೇವೆಯನ್ನು ದಿನದಿನವೂ ತಾವೇ ಅಳೆಯಬಯಸುವವರಿಗೆ ದಾರಿಯಿದೆ. ಬೆಂಗಳೂರಿನಲ್ಲಿರುವ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರದ ದೈನಂದಿನ ವರದಿಯಲ್ಲಿ ಕೈಗಾದ ಉತ್ಪಾದನೆ ಮಿಲಿಯನ್ ಯೂನಿಟ್ ಲೆಕ್ಕದಲ್ಲಿ ಇರುತ್ತದೆ. ಘಟಕಕ್ಕೆ ದಿನಕ್ಕೆ 4.8ರ ಸುತ್ತ ಬಿದ್ದರೆ ಪೂರ್ಣ ಶಕ್ತಿ. ಒಂದು ಘಟಕದಷ್ಟು ಕಡಿಮೆಯಾಗಿ ಒಂದೆರಡು ದಿನದಲ್ಲಿ ಮತ್ತೆ ಮೇಲೆ ಬಂದರೆ, ಬಹುಮಟ್ಟಿಗೆ ಟ್ರಿಪ್ ಆಗಿ ಕ್ಸೆನಾನ್ ಕರಗಲು ಕಾದದ್ದು. ವಾರಗಟ್ಟಲೆ ಕಡಿಮೆಯೇ ಇದ್ದರೆ ನಿಗದಿತ ನಿಲುಗಡೆ. ನಾಲ್ಕೂ ಓಡುತ್ತಿದ್ದು, ಮೊತ್ತ ಮಾತ್ರ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ಬಂದರೆ, ಇಂಧನ ತುಂಬುವ ಯಂತ್ರದ ಕಡೆಗೆ ಮೊದಲು ಅನುಮಾನ ಹೋಗಬೇಕು.